ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ

ದೇಶದ ಮನೆಮನೆಯ ಸಮೀಕ್ಷೆಗಳನ್ನು ರೂಪಿಸುವ ಸಂಖ್ಯಾಶಾಸ್ತ್ರಜ್ಞರಿಗೂ, ಆ ಪ್ರಶ್ನಾವಳಿಗಳನ್ನು ಹಿಡಿದು ನಮ್ಮ ಮೆಟ್ಟಿಲುಗಳನ್ನು ಹತ್ತುವ ಕ್ಷೇತ್ರ ಸಿಬ್ಬಂದಿಗೂ ಒಂದು ಬಹಿರಂಗ ಪತ್ರ

ಮಾನ್ಯರೆ,

ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ನಮ್ಮ ನಾಡಿನ ಎಷ್ಟೋ ಕುಟುಂಬಗಳು ಒಂದಲ್ಲ ಒಂದು ದಿನ ಕೇಳುವ ಮಾತೊಂದುಂಟು: ‘ಇನ್ನು ಮನೆಗೆ ಕರೆದುಕೊಂಡು ಹೋಗಿ.’ ಅದನ್ನು ಆಡುವ ವೈದ್ಯರು ನಿರ್ದಯರೆಂದು ನಾನು ಹೇಳಲಾರೆನು. ಮಾಡತಕ್ಕುದನ್ನೆಲ್ಲ ಮಾಡಿ, ಮುಂದೆ ದಾರಿ ಕಾಣದೆ, ಕಡತವನ್ನು ಮುಚ್ಚುತ್ತ, ಕಣ್ಣನ್ನು ಬೇರೆಡೆಗೆ ಹೊರಳಿಸಿ ಅವರು ಆ ಮಾತನ್ನು ಆಡುವರು. ಹಣ ಸಂದಾಯವಾಗುತ್ತದೆ, ಬಿಡುಗಡೆಯ ಚೀಟಿ ಕೈಗೆ ಬರುತ್ತದೆ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳನ್ನು ಒಟ್ಟಿ ರೋಗಿಯನ್ನು ಒರಗಿಸುತ್ತಾರೆ. ಅಲ್ಲಿಗೆ ಆಸ್ಪತ್ರೆಯ ಲೆಕ್ಕ ಮುಗಿದು ಮನೆಯ ಲೆಕ್ಕ ಆರಂಭವಾಯಿತು. ಮೊದಲನೆಯ ಲೆಕ್ಕವನ್ನು ನೀವು ಬಹು ಶ್ರದ್ಧೆಯಿಂದ ಇಡುತ್ತ ಬಂದಿದ್ದೀರಿ. ಎರಡನೆಯದಕ್ಕೂ ನಮ್ಮ ರಾಷ್ಟ್ರೀಯ ಅಂಕಿಅಂಶಗಳಲ್ಲಿ ಒಂದು ಅಧ್ಯಾಯವನ್ನು ತೆರೆಯಬೇಕೆಂದು ಬೇಡಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಅಣ್ಣನವರು ಮಲೆನಾಡಿನ ಒಂದು ಹಳ್ಳಿಯಲ್ಲಿ ಅಡಕೆಯ ತೋಟ ಮಾಡಿಕೊಂಡಿದ್ದವರು. ಬಾಯಲ್ಲಿ ಹುಟ್ಟಿದ ಕ್ಯಾನ್ಸರ್ ಕೊರಳಿಗೆ ಇಳಿದು, ಶಸ್ತ್ರಚಿಕಿತ್ಸೆಯೂ ವಿಕಿರಣವೂ ಆಗಿ, ಅದು ಮತ್ತೆ ತಲೆಯೆತ್ತಿದ ಮೇಲೆ, ಪಟ್ಟಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆ ಮಾತನ್ನು ನಾವೂ ಕೇಳಿದೆವು. ಮನೆಗೆ ಬಂದ ಬಳಿಕ ಅವರು 97 ದಿನ ಬದುಕಿದ್ದರು. ಆ ದಿನಗಳಲ್ಲಿ ಅವರ ಶುಶ್ರೂಷೆಯನ್ನೆಲ್ಲ ಮಾಡಿದವರು ನನ್ನ ಅತ್ತಿಗೆ. ಗಂಜಿಯನ್ನು ಸೋಸಿ ನಳಿಗೆಯಲ್ಲಿ ಇಳಿಸುವುದು, ಕೊರಳಿನ ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು ಬಟ್ಟೆ ಬದಲಿಸುವುದು, ಹಾಸಿಗೆಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸುವುದು, ನೆಂಟರು ಬಂದರೆ ವಾಸನೆ ತಿಳಿಯದಿರಲೆಂದು ಧೂಪ ಹಾಕುವುದು, ಇವುಗಳನ್ನು ಅವರಿಗೆ ಯಾರೂ ಕಲಿಸಿದವರಲ್ಲ. ಮೂರು ಹೆರಿಗೆ, ಇಬ್ಬರು ಅತ್ತೆಯರ ಕೊನೆಗಾಲ, ಕೊಟ್ಟಿಗೆಯ ದನಗಳ ಆರೈಕೆ, ಇಷ್ಟೇ ಅವರ ವೈದ್ಯಶಾಲೆಯಾಗಿದ್ದಿತು.

ಅತ್ತಿಗೆ ಲೆಕ್ಕ ಬಲ್ಲವರು. ಹಾಲಿನ ಲೆಕ್ಕ, ಕೊನೆಗೊಯ್ಲಿನ ಆಳಿನ ಲೆಕ್ಕ, ಎಲ್ಲವೂ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆಯೇ. ಅಣ್ಣ ಮನೆಗೆ ಬಂದ ದಿನದಿಂದ ಆ ಕ್ಯಾಲೆಂಡರಿನ ತಾರೀಖಿನ ಮನೆಗಳಲ್ಲಿ ಸೀಸದಕಡ್ಡಿಯ ಸಣ್ಣ ಗೀಟುಗಳು ಕಾಣಿಸಿಕೊಳ್ಳತೊಡಗಿದವು. ಹಾಲಿನ ಗುರುತೆಂದು ನಾನು ತಿಳಿದಿದ್ದೆನು. ಒಂದು ದಿನ ಕೇಳಿದಾಗ ಅವರು ಹೇಳಿದರು: ಒಂದು ಗೀಟು ಎಂದರೆ ರಾತ್ರಿ ಒಂದು ಸಲ ಎದ್ದದ್ದು, ಸುತ್ತಿದ ಸೊನ್ನೆ ಎಂದರೆ ನೋವಿನ ಮಾತ್ರೆ ಕೊಟ್ಟದ್ದು, ಮಾತ್ರೆ ತೀರಿಹೋಗಿದ್ದ ದಿನಗಳಿಗೆ ಅಡ್ಡಗೆರೆ. ಮೊದಲ ವಾರದ ಮನೆಗಳಲ್ಲಿ ಎರಡು ಮೂರು ಗೀಟುಗಳಿದ್ದರೆ ಕೊನೆಯ ತಿಂಗಳಲ್ಲಿ ಒಂದು ಮನೆಯಲ್ಲಿ ಒಂಬತ್ತನ್ನು ಎಣಿಸಿದ್ದೇನೆ. ಅಡ್ಡಗೆರೆಗಳು ಒಟ್ಟು ಹನ್ನೊಂದು. ಆ ಹನ್ನೊಂದು ದಿನಗಳಲ್ಲಿ ಮನೆಯ ಯಾರಾದರೊಬ್ಬರು ಮಾರ್ಫಿನ್ ಮಾತ್ರೆಗಾಗಿ ಪಟ್ಟಣದ ಬಸ್ಸಿನಲ್ಲಿ ಹೋಗಿರುತ್ತಿದ್ದರು. ಅತ್ತಿಗೆ ಅಣ್ಣನ ಕೈ ಹಿಡಿದು ಕುಳಿತಿರುತ್ತಿದ್ದರು.

ಆ ನಡುವೆ, ಯಾವುದೋ ಒಂದು ಸಮೀಕ್ಷೆಗೆಂದು ಊರಿಗೆ ಬಂದಿದ್ದ ತರುಣನೊಬ್ಬನು ನಮ್ಮ ಮನೆಗೂ ಬಂದನು. ಸಭ್ಯನಾದ ಹುಡುಗ. ಪಾದರಕ್ಷೆಯನ್ನು ಜಗಲಿಯ ಕೆಳಗೇ ಬಿಟ್ಟು, ಒಳಗಿನ ಮಂಚದ ಕಡೆಗೆ ನೋಡಿ ತಾನೇ ಧ್ವನಿಯನ್ನು ತಗ್ಗಿಸಿಕೊಂಡನು. ಕಳೆದ 365 ದಿನಗಳಲ್ಲಿ ಆಸ್ಪತ್ರೆಗೆ ಎಷ್ಟು ಸಲ ಸೇರಿಸಿದಿರಿ, ಎಷ್ಟು ರಾತ್ರಿ ಇದ್ದಿರಿ, ಹಾಸಿಗೆಗೆ ಎಷ್ಟು, ಔಷಧಕ್ಕೆ ಎಷ್ಟು, ಸಾರಿಗೆಗೆ ಎಷ್ಟು, ಸಾಲ ಮಾಡಿದಿರೋ ಒಡವೆ ಇಟ್ಟಿರೋ ಎಂದು ಒಂದೊಂದನ್ನೂ ತಾಳ್ಮೆಯಿಂದ ಕೇಳಿ ಬರೆದುಕೊಂಡನು. ‘ಈಗ ಮನೆಯಲ್ಲಿಯೇ ಇದ್ದಾರಲ್ಲ’ ಎಂದು ಅತ್ತಿಗೆ ನೆನಪಿಸಿದರು. ಅವನು ಯಂತ್ರದ ಪರದೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ, ‘ಅದಕ್ಕೆ ಇಲ್ಲಿ ಜಾಗ ಇಲ್ಲ ಅಮ್ಮ’ ಎಂದನು. ಅವನ ಮುಖದಲ್ಲಿ ಸಂಕಟವಿತ್ತು. ತಪ್ಪು ಅವನದಾಗಿರಲಿಲ್ಲ. ಅವನು ಕುಳಿತಿದ್ದ ಬೆಂಚಿಗೆ ನೇರವಾಗಿ ಎದುರುಗೋಡೆಯಲ್ಲಿಯೇ ಆ ಕ್ಯಾಲೆಂಡರು ತೂಗುತ್ತಿತ್ತು.

ನಿಮ್ಮ ಕಾರ್ಯದ ಹಿರಿಮೆಯನ್ನು ಅರಿಯದೆ ನಾನು ಇದನ್ನು ಬರೆಯುತ್ತಿಲ್ಲ. 1950ರಲ್ಲಿ, ದೇಶದ ಬಡತನದ ಆಳವನ್ನು ಬಲ್ಲವರೇ ಇಲ್ಲದಿದ್ದ ಕಾಲದಲ್ಲಿ, ಪ್ರಶಾಂತಚಂದ್ರ ಮಹಾಲನೋಬಿಸರ ದೂರದೃಷ್ಟಿಯಿಂದ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು, ಕೆಲವು ಸಾವಿರ ಮನೆಗಳ ಬಾಗಿಲು ತಟ್ಟಿ ಕೋಟ್ಯಂತರ ಮನೆಗಳ ಒಳಗನ್ನು ತಿಳಿಯಬಹುದೆಂಬುದನ್ನು ಪ್ರಪಂಚಕ್ಕೆ ತೋರಿಸಿಕೊಟ್ಟಿತು. 2017–18ರಲ್ಲಿ ನಡೆದ 75ನೆಯ ಸುತ್ತಿನ ಆರೋಗ್ಯ ಸಮೀಕ್ಷೆಯಲ್ಲಿ 1,13,823 ಮನೆಗಳಿಗೆ ಹೋದವರು ನೀವೇ. ಅರವತ್ತು ದಾಟಿದವರು ಹಾಸಿಗೆ ಹಿಡಿದಿರುವರೇ, ಮನೆಯೊಳಗಷ್ಟೇ ಓಡಾಡುವರೇ ಎಂಬುದನ್ನು ಕೇಳಿದವರೂ ನೀವೇ. ಆ ಪ್ರಶ್ನೆಯನ್ನು ಓದಿದಾಗ, ಇವರು ಮಂಚದ ತನಕ ಬಂದಿದ್ದಾರಲ್ಲ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮಂಚದ ಪಕ್ಕದಲ್ಲಿ ಕುಳಿತವಳನ್ನೂ ಕಾಣುತ್ತಿದ್ದರಲ್ಲ ಎಂದು ನನ್ನ ಮನಸ್ಸು ಮರುಗಿತು.

ಅವಳನ್ನು ನೀವು ಬೇರೊಂದು ಕಡೆ ಕಂಡಿರುವಿರಿ ಎಂಬುದೂ ನಿಜವೇ. 2019ರ ಕಾಲವಿನಿಯೋಗ ಸಮೀಕ್ಷೆಯು ಬೆಳಗಿನ ಜಾವ 4 ಗಂಟೆಯಿಂದ ಮರುದಿನದ 4 ಗಂಟೆಯವರೆಗಿನ ದಿನವನ್ನು ಅರ್ಧರ್ಧ ಗಂಟೆಯ ಕಟ್ಟುಗಳಾಗಿ ವಿಂಗಡಿಸಿ, ಜನರು ಹೊತ್ತನ್ನು ಹೇಗೆ ಕಳೆಯುತ್ತಾರೆಂದು ವಿಚಾರಿಸಿತು. ಆರು ವರ್ಷಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ 27.6 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು ಅದಕ್ಕೆ ದಿನಕ್ಕೆ 134 ನಿಮಿಷ ಕೊಡುತ್ತಾರೆಂದೂ, ಗಂಡಸರಲ್ಲಿ ನೂರಕ್ಕೆ 14 ಮಂದಿ 76 ನಿಮಿಷ ಕೊಡುತ್ತಾರೆಂದೂ ತಿಳಿದುಬಂದಿತು. ಬಹು ಬೆಲೆಯುಳ್ಳ ಸಂಖ್ಯೆಗಳಿವು. ಆದರೆ ಈ ನಿಮಿಷಗಳಲ್ಲಿ ಹೆಚ್ಚಿನವು ಮಕ್ಕಳನ್ನು ಎತ್ತಿ ಆಡಿಸಿ ಉಣ್ಣಿಸಿದವುಗಳು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 41 ಎಂದರೆ ಮಕ್ಕಳ ಪಾಲನೆ, 42 ಎಂದರೆ ಪರಾವಲಂಬಿಗಳಾದ ವಯಸ್ಕರ ಆರೈಕೆ. ಜನರ ಕಣ್ಣಿಗೆ ಬಿದ್ದ ಮೊತ್ತದಲ್ಲಿ ಈ ಎರಡೂ ಬೆರೆತುಹೋಗಿವೆ. ಮತ್ತೂ ಒಂದು ಮಾತು. ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ನನ್ನ ಅತ್ತಿಗೆ ನಿದ್ರೆ ಮಾಡುತ್ತಿದ್ದರು ಎಂದು ಬರೆದರೆ ಸುಳ್ಳಾಗದು. ಎಚ್ಚರವಿದ್ದರು ಎಂದು ಬರೆದರೂ ಸುಳ್ಳಾಗದು. ಕಣ್ಣು ಮುಚ್ಚಿ ಕಿವಿ ತೆರೆದಿಟ್ಟುಕೊಂಡು, ಪಕ್ಕದ ಉಸಿರು ಒಂದು ಕ್ಷಣ ಎಡವಿದರೂ ಎದ್ದು ಕೂರುವ ಆ ಸ್ಥಿತಿಗೆ ಯಾವ ಸಂಕೇತಸಂಖ್ಯೆಯನ್ನು ಕೊಡುವಿರಿ? ಹಳ್ಳಿಯ ಹೆಂಗಸರಲ್ಲಿ ಅದಕ್ಕೊಂದು ಮಾತುಂಟು: ‘ಬೆಕ್ಕಿನ ನಿದ್ದೆ.’

ಇಂಥದನ್ನು ಎಣಿಸುವುದು ಅಸಾಧ್ಯವೆಂದು ಹೇಳುವವರಿಗೆ ಅಮೆರಿಕದ ನಿದರ್ಶನವನ್ನು ತೋರಿಸಬಹುದು. ಗುಣವಾಗದ ರೋಗದವರನ್ನು ಕಡೆಯ ದಿನಗಳಲ್ಲಿ ನೋವಿಲ್ಲದಂತೆ ನೋಡಿಕೊಳ್ಳುವ ಹಾಸ್ಪಿಸ್ ಎಂಬ ಏರ್ಪಾಡು ಈಗಿನ ರೂಪವನ್ನು ತಳೆದದ್ದು, 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಮಹಾತಾಯಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯನ್ನು ತೆರೆದಾಗ. ಅಮೆರಿಕದಲ್ಲಿ ಅದು 1974ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಮನೆಮನೆಗೆ ಹೋಗುವ ಸೇವೆಯಾಗಿ ಮೊದಲಾಯಿತು. 1982ರ ಶಾಸನದಿಂದ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಅದರ ವೆಚ್ಚವನ್ನು ಕೊಡತೊಡಗಿತು. ಸೇವೆ ಹುಟ್ಟಿದ ಮೇಲೆ ಲೆಕ್ಕವೂ ಹುಟ್ಟಬೇಕೆಂದು ಅಲ್ಲಿಯ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರವು 1992ರಿಂದ ಗೃಹ ಆರೋಗ್ಯ ಮತ್ತು ಹಾಸ್ಪಿಸ್ ಆರೈಕೆಯ ರಾಷ್ಟ್ರೀಯ ಸಮೀಕ್ಷೆಯನ್ನು ಆರಂಭಿಸಿ, 2007ರವರೆಗೆ ಏಳು ಸಲ ನಡೆಸಿತು. ಆ ಕಡೆಯ ಸಲದ ಅಂದಾಜಿನಂತೆ ದೇಶದಲ್ಲಿ ಸುಮಾರು 14,500 ಸೇವಾಸಂಸ್ಥೆಗಳಿದ್ದವು. ಯಾವುದೇ ಒಂದು ದಿನ 14 ಲಕ್ಷ 60 ಸಾವಿರದಷ್ಟು ರೋಗಿಗಳು ಮನೆಯಲ್ಲಿ ಆರೋಗ್ಯಸೇವೆ ಪಡೆಯುತ್ತಿದ್ದರು. ವರ್ಷವೊಂದರಲ್ಲಿ 10 ಲಕ್ಷಕ್ಕೂ ಮಿಕ್ಕ ಜನ ಹಾಸ್ಪಿಸ್ಸಿನ ಆರೈಕೆಯನ್ನು ಮುಗಿಸಿದ್ದರು, ಎಂದರೆ ಅವರಲ್ಲಿ ಬಹುತೇಕರು ತೀರಿಕೊಂಡಿದ್ದರು. ಆ ಪ್ರಶ್ನಾವಳಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು: ಸಂಸ್ಥೆಯವರಲ್ಲದೆ ಈ ರೋಗಿಯನ್ನು ಮುಖ್ಯವಾಗಿ ನೋಡಿಕೊಳ್ಳುವವರು ಯಾರಾದರೂ ಇರುವರೇ, ಅವರು ಸಂಬಂಧದಲ್ಲಿ ಏನಾಗಬೇಕು, ಅವರ ವಾಸ ಜೊತೆಯಲ್ಲಿಯೇ ಎಂಬ ವಿಚಾರಣೆ.

ಲೆಕ್ಕ ಇಟ್ಟುದರಿಂದ ಅವರಿಗೆ ತಿಳಿದುಬಂದುದೇನು? ಆರು ತಿಂಗಳೊಳಗೆ ಸಾವು ಸಂಭವಿಸಬಹುದೆಂದು ವೈದ್ಯರು ಪ್ರಮಾಣಿಸಿದವರಿಗೆಲ್ಲ ಹಾಸ್ಪಿಸ್ ತೆರೆದಿರುವುದಾದರೂ, ಅದಕ್ಕೆ ಸೇರಿದವರಲ್ಲಿ ಅರ್ಧದಷ್ಟು ಮಂದಿ ಸುಮಾರು ಎರಡೂವರೆ ವಾರವೋ ಅದಕ್ಕೂ ಕಡಿಮೆಯೋ ಆದ ಕಾಲ ಮಾತ್ರ ಅದರ ಫಲವನ್ನು ಪಡೆಯುತ್ತಾರೆಂದು ಅಲ್ಲಿಯ ಲೆಕ್ಕಗಳು ವರ್ಷದಿಂದ ವರ್ಷಕ್ಕೆ ಸಾರುತ್ತಿವೆ. ತೀರ ತಡವಾಗಿ ಕಳುಹಿಸುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಲು ಆ ಒಂದು ಸಂಖ್ಯೆಯೇ ಸಾಕಾಯಿತು. ಅಲ್ಲಿಯ ಮರಣಪತ್ರದಲ್ಲಿ ಸತ್ತ ಸ್ಥಳವನ್ನು ಗುರುತಿಸುವ ಒಂದು ಪುಟ್ಟ ಚೌಕವೂ ಇದೆ. 2003ರಲ್ಲಿ ಸಹಜ ಕಾರಣಗಳಿಂದಾದ ಸಾವುಗಳಲ್ಲಿ ನೂರಕ್ಕೆ 39.7 ಆಸ್ಪತ್ರೆಯಲ್ಲಿಯೂ 23.8 ಮನೆಯಲ್ಲಿಯೂ ಆಗಿದ್ದುವು, 2017ರ ವೇಳೆಗೆ ಆಸ್ಪತ್ರೆಯದು 29.8ಕ್ಕೆ ಇಳಿದು ಮನೆಯದು 30.7ಕ್ಕೆ ಏರಿತೆಂದು ಆ ಚೌಕಗಳನ್ನು ಕೂಡಿಸಿ ಕಂಡುಕೊಂಡರು. ಒಂದು ದೇಶದ ಜನ ಸಾಯುವುದಕ್ಕೆ ಮತ್ತೆ ಮನೆಗೆ ಹಿಂದಿರುಗುತ್ತಿರುವರೆಂಬಷ್ಟು ದೊಡ್ಡ ವಿಷಯವು ಒಂದು ಚೌಕದಿಂದ ತಿಳಿದುಬಂದಿತು.

ಆ ಸಮೀಕ್ಷೆಯ ಪದ್ಧತಿಯನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದರಲ್ಲಿ ಒಂದು ದೊಡ್ಡ ಕೊರತೆಯುಂಟು. ಅವರು ಹೊರಟದ್ದು ಸೇವಾಸಂಸ್ಥೆಗಳ ಬಾಗಿಲಿನಿಂದ. ಸಂಸ್ಥೆಯ ನೆರಳೂ ಬೀಳದ ಮನೆ ಅವರ ಬಲೆಗೆ ಸಿಕ್ಕಲಿಲ್ಲ. 2007ರ ಬಳಿಕ ಆ ಸಮೀಕ್ಷೆ ನಿಂತುಹೋಯಿತು. 2012ರಿಂದ ದೀರ್ಘಕಾಲದ ಆರೈಕೆಯ ಅಧ್ಯಯನವೊಂದು ಅದರ ಸ್ಥಾನಕ್ಕೆ ಬಂದು, ಗೃಹ ಆರೋಗ್ಯ ಮತ್ತು ಹಾಸ್ಪಿಸ್ಸಿನ ಮಟ್ಟಿಗೆ ಸರ್ಕಾರದ ಆಡಳಿತ ದಾಖಲೆಗಳನ್ನೇ ಆಶ್ರಯಿಸಿತು. 2016ರಲ್ಲಿ ಸುಮಾರು 12,200 ಗೃಹ ಆರೋಗ್ಯ ಸಂಸ್ಥೆಗಳೂ 4,300 ಹಾಸ್ಪಿಸ್‌ಗಳೂ ಇದ್ದುವೆಂದು ಅದರಿಂದ ತಿಳಿಯುತ್ತದೆ. ಹಣ ಸಂದಾಯದ ದಾಖಲೆ ಬಹು ಖಚಿತವಾದುದು, ಆದರೆ ಯಾರೂ ಹಣ ಕೊಡದ ಕೆಲಸವನ್ನು ಅದು ಕಾಣಲಾರದು. ನಮ್ಮ ದೇಶದಲ್ಲಿಯಾದರೋ ಈ ಆರೈಕೆಯಲ್ಲಿ ಯಾರೂ ಹಣ ಕೊಡದ ಕೆಲಸವೇ ಬಹಳ. ಆದಕಾರಣ ನಾವು ಹೊರಡಬೇಕಾದುದು ಮನೆಯ ಬಾಗಿಲಿನಿಂದಲೇ; ಮತ್ತು ಮನೆಯ ಬಾಗಿಲಿಗೆ ಹೋಗುವ ವಿದ್ಯೆಯಲ್ಲಿ ನಿಮ್ಮನ್ನು ಮೀರಿಸಿದವರು ಪ್ರಪಂಚದಲ್ಲಿ ವಿರಳ.

ಅಣ್ಣ ತೀರಿಕೊಂಡ ಮೇಲೆ ಮರಣ ನೋಂದಣಿಯ ಪತ್ರವನ್ನು ತುಂಬಿದವನು ನಾನು. ಸಾವು ಆಸ್ಪತ್ರೆಯಲ್ಲೋ ಮನೆಯಲ್ಲೋ ಎಂದು ಕೇಳಿತ್ತು, ಬರೆದೆನು. ಸಾವಿಗೆ ಮುಂಚೆ ದೊರೆತ ವೈದ್ಯಕೀಯ ನೆರವು ಯಾವ ಬಗೆಯದು ಎಂದು ಕೇಳಿ ಮೂರು ಆಯ್ಕೆಗಳನ್ನು ಕೊಟ್ಟಿತ್ತು: ಸಂಸ್ಥೆಯಲ್ಲಿ, ಸಂಸ್ಥೆಯ ಹೊರಗೆ, ಯಾವುದೂ ಇಲ್ಲ. ಎಷ್ಟು ವರ್ಷ ಹೊಗೆಸೊಪ್ಪು ಜಗಿದರು, ಎಷ್ಟು ವರ್ಷ ಅಡಕೆ ಜಗಿದರು ಎಂದೂ ಕೇಳಿತ್ತು. ಅಡಕೆ ಬೆಳೆದೇ ಬದುಕಿದ ಮನೆಯಲ್ಲಿ ಕುಳಿತು ಆ ಸಂಖ್ಯೆಯನ್ನು ಬರೆಯುವಾಗ ನನ್ನ ಕೈ ನಡುಗಿತು, ಆದರೂ ಅದು ಕೇಳಲೇಬೇಕಾದ ಪ್ರಶ್ನೆ. ನೋವು ಇತ್ತೇ, ನೋವಿಗೆ ಔಷಧ ದೊರಕಿತೇ ಎಂದು ಮಾತ್ರ ಎಲ್ಲಿಯೂ ಇರಲಿಲ್ಲ. 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ನೂರಕ್ಕೆ 22.5 ಮಾತ್ರ. ನೋವನ್ನು ತಗ್ಗಿಸಿ ನೋಡಿಕೊಳ್ಳುವ ಉಪಶಮನ ಆರೈಕೆ ಅಗತ್ಯವಿರುವವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ ಅದು ದೊರೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಪಂಚದ ಲೆಕ್ಕ ಹೇಳುತ್ತದೆ. ಅಗತ್ಯವಿರುವವರ ಆ ಸಂಖ್ಯೆಯನ್ನು ಅಂದಾಜು ಮಾಡುವುದು ಬಹುಮಟ್ಟಿಗೆ ಸಾವಿನ ಕಾರಣಗಳಿಂದ. ಸಾವಿನ ಕಾರಣವೇ ಬರೆದಿಲ್ಲದ ಕಡೆ ಅಂದಾಜು ಎಷ್ಟು ದೂರ ನಡೆದೀತು?

ದಾರಿ ತೋರಿಸಿದವರು ನಮ್ಮಲ್ಲಿಯೇ ಇರುವರು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನವು ದೇಶದ ಮೊದಲ ಹಾಸ್ಪಿಸ್ ಆಗಿ ತೆರೆಯಿತು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರಿನ ಕೊನೆಯ ಹಂತದವರಿಂದ ಬಿಡಿಗಾಸನ್ನೂ ಕೇಳದೆ 1990ರ ದಶಕದಿಂದ ಸೇವೆ ಸಲ್ಲಿಸುತ್ತಿದೆ. ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಆರಂಭಿಸಿದ ಕೆಲಸವು ಮಲಪ್ಪುರದ ಹಳ್ಳಿಗಳಿಗೆ ಹಬ್ಬಿ, ಅಂಗಡಿಯವರು, ಉಪಾಧ್ಯಾಯರು, ಆಟೋ ಓಡಿಸುವವರು ವಾರಕ್ಕಿಷ್ಟು ತಾಸು ರೋಗಿಗಳ ಮನೆಗೆ ಹೋಗಿ ಕೂರುವ ವ್ಯವಸ್ಥೆಯಾಗಿ ಬೆಳೆಯಿತು; 2008ರಲ್ಲಿ ಅಲ್ಲಿಯ ಸರ್ಕಾರ ಅದನ್ನು ರಾಜ್ಯದ ನೀತಿಯನ್ನಾಗಿಯೇ ಮಾಡಿತು. ಮಾರ್ಫಿನ್ನಿಗೆ ಅಡ್ಡವಾಗಿದ್ದ 1985ರ ಮಾದಕ ವಸ್ತುಗಳ ಕಾಯಿದೆಯನ್ನು 2014ರಲ್ಲಿ ತಿದ್ದಲಾಯಿತು. ಮಧ್ಯಪ್ರದೇಶ, ರಾಜಸ್ಥಾನಗಳ ಹೊಲಗಳಲ್ಲಿ ಸರ್ಕಾರದ ಅಪ್ಪಣೆಯಿಂದಲೇ ಗಸಗಸೆ ಬೆಳೆದು, ಮಾರ್ಫಿನ್ನಿಗೆ ಮೂಲವಾದ ಅಫೀಮನ್ನು ಗಾಜಿಪುರ, ನೀಮಚ್‌ಗಳ ಕಾರ್ಖಾನೆಗಳಲ್ಲಿ ಸಂಸ್ಕರಿಸುವ ದೇಶ ನಮ್ಮದು. ಹಾಗಿದ್ದೂ ನಮ್ಮ ಕ್ಯಾಲೆಂಡರಿನಲ್ಲಿ ಹನ್ನೊಂದು ಅಡ್ಡಗೆರೆಗಳು. ಇಂಥ ಅಡ್ಡಗೆರೆಗಳು ಯಾವ ಜಿಲ್ಲೆಯಲ್ಲಿ ಎಷ್ಟು ಎಂದು ತಿಳಿದರಲ್ಲವೆ, ಮಾತ್ರೆಯನ್ನು ಯಾವ ತಾಲ್ಲೂಕಿನ ಔಷಧಾಲಯದಲ್ಲಿ ಇಡಬೇಕೆಂದು ನಿರ್ಧರಿಸಲಾಗುವುದು?

ನಾನು ಬೇಡುವುದು ದೊಡ್ಡ ಸಮೀಕ್ಷೆಯನ್ನಲ್ಲ. ಆರೋಗ್ಯ ಸಮೀಕ್ಷೆಯ ಮುಂದಿನ ಸುತ್ತಿನಲ್ಲಿ ಒಂದು ಪುಟ ಸಾಕು. ಕಳೆದ 365 ದಿನಗಳಲ್ಲಿ ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರು ಕೊನೆಯ ಎಷ್ಟು ದಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ಅವರನ್ನು ಮುಖ್ಯವಾಗಿ ನೋಡಿಕೊಂಡವರು ಯಾರು, ಅವರ ವಯಸ್ಸೆಷ್ಟು, ಅದಕ್ಕಾಗಿ ಕೂಲಿಯನ್ನೋ ಓದನ್ನೋ ಬಿಟ್ಟರೇ, ರಾತ್ರಿ ಏಳಬೇಕಾಗುತ್ತಿತ್ತೇ, ದಾದಿಯೋ ಆಶಾ ಕಾರ್ಯಕರ್ತೆಯೋ ವೈದ್ಯರೋ ಎಷ್ಟು ಸಲ ಮನೆಗೆ ಬಂದರು, ನೋವಿತ್ತೇ, ಔಷಧ ಸಿಕ್ಕಿತೇ, ಎಷ್ಟು ದೂರದಿಂದ ತಂದಿರಿ. ಹಾಸಿಗೆ ಹಿಡಿದು ಈಗಲೂ ಬದುಕಿರುವವರ ವಿಷಯದಲ್ಲಿಯೂ ಇವೇ ಪ್ರಶ್ನೆಗಳು ಸಲ್ಲುವುವು. ಕಾಲವಿನಿಯೋಗದ ವರದಿಯಲ್ಲಿ 42ನೆಯ ವಿಭಾಗವನ್ನು 41ರಿಂದ ಬೇರ್ಪಡಿಸಿ, ರಾಜ್ಯವಾರಾಗಿ, ಮುಖ್ಯ ಪಟ್ಟಿಗಳಲ್ಲಿಯೇ ಅಚ್ಚುಹಾಕಿಸಿರಿ.

ದುಃಖದಲ್ಲಿರುವವರನ್ನು ಹೀಗೆ ಕೇಳುವುದು ಕ್ರೌರ್ಯವಾಗದೆ ಎಂಬ ಶಂಕೆ ನಿಮ್ಮಲ್ಲಿ ಹುಟ್ಟೀತು. ಶಂಕೆ ನ್ಯಾಯವಾದುದೇ. ಆದರೆ ಅಣ್ಣನ ವೈಕುಂಠ ಸಮಾರಾಧನೆಗೆ ಬಂದವರೆಲ್ಲರೂ ಅತ್ತಿಗೆಯನ್ನು ಕೇಳಿದ್ದು, ಕೊನೆಗೆ ಮಾತಾಡಿದರೇ, ಯಾರ ಹೆಸರು ಹೇಳಿದರು, ಬಾಯಿಗೆ ಗಂಗೆ ಬಿಟ್ಟಿರಾ ಎಂದು. ಮಗ್ಗುಲು ಹೇಗೆ ಹೊರಳಿಸುತ್ತಿದ್ದಿರಿ ಎಂದು ಒಬ್ಬಳು ಮಾತ್ರ ಕೇಳಿದಳು. ಅವಳ ಅತ್ತೆಯೂ ಆಗ ಹಾಸಿಗೆ ಹಿಡಿದಿದ್ದರು. ಅತ್ತಿಗೆ ಎದ್ದು, ನಡುಮನೆಯಲ್ಲಿ ಒಂದು ಹಳೆಯ ಸೀರೆಯನ್ನು ಹಾಸಿ, ಅದನ್ನು ಮಡಿಸಿ ಮೈಯ ಕೆಳಗೆ ತೂರಿಸಿ, ಒಬ್ಬರೇ ಎಳೆದು ಹೊರಳಿಸುವುದು ಹೇಗೆಂದು ಮಾಡಿ ತೋರಿಸಿದರು. ಹದಿಮೂರು ದಿನಗಳಲ್ಲಿ ಅವರ ಧ್ವನಿ ಸರಿಯಾಗಿ ಎದ್ದುದನ್ನು ನಾನು ಕೇಳಿದ್ದು ಆಗಲೇ.

ನನ್ನದೇ ಒಂದು ಶಂಕೆಯನ್ನೂ ಮುಚ್ಚಿಡಲಾರೆನು. ಮನೆಯ ಆರೈಕೆ ಇಷ್ಟು ವ್ಯಾಪಕವೆಂದು ಸಂಖ್ಯೆಗಳು ತೋರಿಸಿದರೆ, ಸರ್ಕಾರಗಳು ನಿಶ್ಚಿಂತೆಯಿಂದ, ಹೆಂಗಸರು ಹೇಗೂ ನೋಡಿಕೊಳ್ಳುತ್ತಿರುವರಲ್ಲ ಎಂದು ಕೈಕಟ್ಟಿ ಕುಳಿತಾವೆಂಬ ಭಯ ನನಗಿದೆ. ಆದುದರಿಂದಲೇ ರೋಗಿಯನ್ನು ಎಣಿಸುವ ಪುಟದಲ್ಲಿಯೇ ಆರೈಕೆ ಮಾಡಿದವಳ ಬೆನ್ನುನೋವನ್ನೂ, ಬಿಟ್ಟ ಕೂಲಿಯನ್ನೂ, ಕಳೆದ ನಿದ್ರೆಯನ್ನೂ ಎಣಿಸಬೇಕೆನ್ನುತ್ತೇನೆ. ಒಂದನ್ನು ಎಣಿಸಿ ಇನ್ನೊಂದನ್ನು ಬಿಡುವುದಾದರೆ ಎರಡನ್ನೂ ಬಿಟ್ಟುದೇ ಲೇಸು.

ಅತ್ತಿಗೆಗೆ ಈಗ ಅರವತ್ತೆಂಟು. ರಾತ್ರಿ ಎರಡೂವರೆಗೆ ಈಗಲೂ ಎಚ್ಚರವಾಗುತ್ತದಂತೆ. ಎದ್ದು ನೀರು ಕುಡಿದು ಮಲಗುತ್ತಾರೆ. ಆ ವರ್ಷದ ಕ್ಯಾಲೆಂಡರನ್ನು ಸುರುಳಿ ಸುತ್ತಿ, ಮಸಾಲೆ ಡಬ್ಬಿಗಳ ಹಿಂದೆ, ಗೋಡೆಗೂಡಿನಲ್ಲಿ ಇಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ ಆ ಕಡೆಗೆ ಬರುವುದಾದರೆ ಮಧ್ಯಾಹ್ನ ಮೂರರ ಮೇಲೆ ಬನ್ನಿರಿ. ಬೆಳಗಿನ ಹೊತ್ತು ಕೊಟ್ಟಿಗೆಯ ಕೆಲಸವಿರುತ್ತದೆ. ಕೇಳಿದರೆ ಅವರೇ ತೆಗೆದು ತೋರಿಸುವರು. ಗೀಟು ಯಾವುದು, ಸೊನ್ನೆ ಯಾವುದು ಎಂದು ಅವರು ಹೇಳುವಾಗ ಬರೆದುಕೊಳ್ಳಿರಿ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಮೈದುನ